ಜೋಳದ ಕಾಕಾ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿದೊಡನೆ ಕರೆಯದೆಯೇ ಹಾಜರಾಗುವವರು ಜೋಳದ ಕಾಕಾ. ವಯಸ್ಸು 60ರ ಮೇಲೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. 'ಏನೂ ಆಗಂಗಿಲ್ಲ ತಮ್ಮಾ, ತಡಿ' ಎಂಬುದು ಮೊದಲ ಮಾತು.

ಆ ಮೊದಲ ನಿಮಿಷದ ಕೆಲಸ ಸ್ವಲ್ಪವೇ: ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿಹಿಡಿದು ಆರಿಸಿ, ಕೀಲಿಮಣೆ ಕೆಳಮುಖವಾಗುವಂತೆ ಬೋರಲು ಹಾಕುವುದು. ಕೆಡಿಸುವುದು ಬರೀ ನೀರಲ್ಲ. ನೀರಿನಲ್ಲಿ ಕರಗಿದ ಲವಣ ಮತ್ತು ಅದರ ಮೂಲಕ ಹರಿಯುವ ವಿದ್ಯುತ್ತು. ಚಹಾದ ಸಕ್ಕರೆಯಂತೂ ಆರಿದ ಮೇಲೂ ಅಂಟಾಗಿ ಉಳಿಯುತ್ತದೆ. ಆದರೆ ಕಾಕಾ ಆ ನಿಮಿಷದಲ್ಲಿ 'ನಡೀತೈತೇನ ನೋಡೂಣು' ಎಂದು ಮತ್ತೆ ಆನ್ ಮಾಡುತ್ತಾರೆ. ನಡೆಯುತ್ತದೆ, ತುಸು ಹೊತ್ತು.

ಆಮೇಲೆ ಜೋಳ. ಬೇರೆ ಕಡೆಯವರು ಒದ್ದೆ ಫೋನನ್ನು ಅಕ್ಕಿಯಲ್ಲಿ ಹುಗಿಯುತ್ತಾರೆ. ಅಕ್ಕಿಯ ಕಣಗಳು ಒಳಹೊಕ್ಕು ಹಾಳುಮಾಡಬಹುದೆಂದು ಆ್ಯಪಲ್ ಕಂಪನಿ ಐಫೋನಿನ ವಿಷಯದಲ್ಲಿ ಎಚ್ಚರಿಸಿದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಕಾಕಾ ಪ್ರಕಾರ ಅದು ಅಕ್ಕಿಯ ದೋಷ. 'ಅಕ್ಕಿಯೊಳಗೇನ ಕಸುವೈತಿ? ನಮ್ಮದು ಮಾಲದಂಡಿ ಜೋಳ.' ಅಕ್ಕಲಕೋಟೆ ತಾಲೂಕಿನ ಒಂದು ಮನೆಯಲ್ಲಿ, ಮರುದಿನವೇ ವರದಿ ಕಳಿಸಬೇಕಿದ್ದ ಅಣ್ಣನ ಮಗನ ಲ್ಯಾಪ್‌ಟಾಪ್ ಎರಡು ರಾತ್ರಿ ಜೋಳದ ಚೀಲದಲ್ಲಿ ಮಲಗಿತ್ತು. ಕಾವು ಹೋಗಬಾರದೆಂದು ಮೇಲೆ ಸೊಲ್ಲಾಪುರಿ ಚಾದರ ಹೊದಿಸಿದ್ದರು. ಮೂರನೆಯ ದಿನ ತೆಗೆದಾಗ ಗಾಳಿಕಿಂಡಿಯ ತುಂಬ ಹುಡಿ, ಯುಎಸ್‌ಬಿ ಕಿಂಡಿಯಲ್ಲಿ ಒಂದು ಕಾಳು; ಆ ಕಾಳಿನಿಂದ ನುಸಿಯೊಂದು ಹೊರಬಂದು ಕೀಲಿಗಳ ಮೇಲೆ ನಡೆಯಿತು. 'ಜೀವ ಐತಿ ನೋಡ' ಎಂದರು ಕಾಕಾ. ಅಣ್ಣನ ಮಗ ನಗಲಿಲ್ಲ. ಸಲಹೆ ಕೇಳುತ್ತ ಚೀಲದ ಬಾಯಿ ಹಿಡಿದು ನಿಂತವನೂ ಅವನೇ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕಾಳು ಕೀಲಿಗಳಡಿಯ ಅಂಟನ್ನು ಹೀರುವುದಿಲ್ಲ. ಆ ಎರಡು ದಿನವೂ ಒಳಗೆ ಕಿಲುಬು ಬೆಳೆಯುತ್ತಲೇ ಇರುತ್ತದೆ.

ಮೇ ತಿಂಗಳ ಬಿಸಿಲಲ್ಲಿ ಮಾಳಿಗೆಯ ಮೇಲಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಇವರ ಉಳಿದ ಚಿಕಿತ್ಸೆಗಳು. ಎರಡೂ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಈ ಜ್ಞಾನ ಸುಳ್ಳಲ್ಲ, ಹಳೆಯದು. ಮಳೆಗೆ ನೆನೆದ ಟ್ರಾನ್ಸಿಸ್ಟರಿನ ಸೆಲ್ ತೆಗೆದು ಬಿಸಿಲಿಗಿಟ್ಟರೆ ಸಂಜೆಗೆ ಕಲಬುರ್ಗಿ ಆಕಾಶವಾಣಿ ಹಾಡುತ್ತಿದ್ದ ಕಾಲ ಒಂದಿತ್ತು. ಸೆಲ್ ತೆಗೆಯುವುದು ಇಂದಿಗೂ ಸರಿಯಾದ ಕ್ರಮವೇ. ಆದರೆ ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳು ಬ್ಯಾಟರಿಯನ್ನು ಸ್ಕ್ರೂ ಬಿಗಿದ ತಳದೊಳಗೆ ಇಟ್ಟುಕೊಂಡಿವೆ. ಕಾಕಾನ ಕೈಗೆ ಉಳಿದದ್ದು ಜೋಳ.

ಕೊನೆಗೆ ಅಕ್ಕಲಕೋಟೆಯಿಂದ ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಯ್ಯುವವರೂ ಕಾಕಾನೇ. ಮೆಕ್ಯಾನಿಕ್ ಬ್ಯಾಟರಿ ಕಳಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಶ್ಶಿನಿಂದ ತಿಕ್ಕುವಾಗ ಇವರು ಮಾತಾಡುವುದಿಲ್ಲ. ನೀರು ತಾಗಿದ ಯಂತ್ರಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ ಎಂದಾಗ ಚೌಕಾಸಿ ಶುರು. ಬಿಲ್ಲಿನ ಅರ್ಧವನ್ನು ಅಣ್ಣನ ಮಗನಿಗೆ ತಿಳಿಯದಂತೆ ತಾವೇ ಕೊಟ್ಟುಬಿಡುತ್ತಾರೆ.

ಎಷ್ಟೋ ಸಲ ಕೀಲಿಮಣೆ ಬದಲಿಸಿದರೆ ಸಾಕಾಗುತ್ತದೆ. ಬೋರ್ಡೇ ಹೋಗಿದ್ದರೆ, ಡಿಸ್ಕ್ ಬಿಚ್ಚಿ ತೆಗೆಯಲು ಬರುವಂಥದ್ದಾದರೆ, ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನಾದರೂ ಉಳಿಸಿಕೊಳ್ಳಬಹುದು. ಚೀಲದ ಜೋಳವನ್ನು ಕಾಕಾನ ಹೆಂಡತಿ ಕಾಕು ರೊಟ್ಟಿಗೆ ಮುಟ್ಟುವುದಿಲ್ಲ, ಅದು ಎಮ್ಮೆಗೆ.