ನಾಲ್ಕನೆಯ ಸ್ಟಡ್ಡು

ಮೈಸೂರಿನವರಿಗೆ ಯೆಜ್ಡಿ ಮೋಟಾರ್‌ಸೈಕಲ್ಲಿನ ವಿಷಯದಲ್ಲಿ ನಿಷ್ಪಕ್ಷಪಾತವಾದ ಅಭಿಪ್ರಾಯವಿರುವುದು ದುರ್ಲಭ. 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತಾದರೂ, ಅಲ್ಲಿಂದ ಹೊರಬಿದ್ದ ವಾಹನಗಳು ತಮ್ಮ ಜನ್ಮಸ್ಥಾನದ ಅವಸಾನವನ್ನು ಕಿಂಚಿತ್ತೂ ಲೆಕ್ಕಿಸದೆ, ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಿಸಿ ಗೇರಿನ ಲಿವರನ್ನಾಗಿ ಮಾಡಿಕೊಳ್ಳುವ ತಮ್ಮ ವಿಲಕ್ಷಣ ಸಂಪ್ರದಾಯವನ್ನು ಬಿಡದೆ, ಈ ಊರಿನ ಬೀದಿಗಳಲ್ಲಿ ಇನ್ನೂ ಹೊಗೆಯುಗುಳುತ್ತ ಸಂಚರಿಸುತ್ತಿವೆ. ಅಂಥದೊಂದು ನನ್ನಲ್ಲಿಯೂ ಇದೆ. ಅದರ ಪಿಸ್ಟನ್ ಬದಲಾಯಿಸಬೇಕೆಂಬ ಅಲ್ಪಾಪೇಕ್ಷೆಯಿಂದ ಮಂಡಿ ಮೊಹಲ್ಲಾದ ಸಾಹೇಬರಲ್ಲಿಗೆ ಅದನ್ನು ಒಯ್ದಾಗ, ಅವರು ಸಿಲಿಂಡರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕ್ರ್ಯಾಂಕ್‌ಕೇಸಿನಿಂದ ಮೇಲೆದ್ದು ನಿಂತಿದ್ದ, ತುಕ್ಕಿನಿಂದ ಕೆಂಚಗಾಗಿದ್ದ ಸ್ಟಡ್ಡುಗಳನ್ನು ಬಹುಹೊತ್ತು ದೃಷ್ಟಿಸಿ, “ನಾಲ್ಕೂ ತೆಗೀಬೇಕು ಮೇಷ್ಟ್ರೇ” ಎಂದರು.

ತೆಗೆಯಬೇಕೆಂಬುದು ಸುಲಭವಾದ ಮಾತು. ಸ್ಟಡ್ಡು ಉಕ್ಕಿನದು, ಅದು ನೆಟ್ಟು ನಿಂತಿರುವ ಕೇಸು ಅಲ್ಯೂಮಿನಿಯಂನದು. ಈ ಎರಡು ಲೋಹಗಳ ನಡುವೆ ತೇವವು ಸೇರಿದೊಡನೆ ಸೂಕ್ಷ್ಮವಾದ ವಿದ್ಯುತ್ ಕ್ರಿಯೆಯುಂಟಾಗಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ; ಸವೆದು ಹುಟ್ಟಿದ ಬಿಳಿಯ ಪುಡಿಯು ಸವೆದುಹೋದ ಲೋಹಕ್ಕಿಂತಲೂ ಹೆಚ್ಚಿನ ಸ್ಥಳವನ್ನು ಬೇಡುವುದರಿಂದ, ಥ್ರೆಡ್ಡಿನ ಸಂದುಗೊಂದುಗಳೆಲ್ಲ ತುಂಬಿ, ಸ್ಟಡ್ಡು ಅನೇಕ ವರ್ಷಗಳಿಂದ ಹಳೆಯ ಬಾಡಿಗೆಯನ್ನೇ ಕೊಡುತ್ತ ಬಂದಿರುವ ಬಿಡಾರದವನಂತೆ, ಮಾಲೀಕನೇ ಬಂದು ಕೇಳಿದರೂ ಜಾಗ ಖಾಲಿ ಮಾಡದ ಸ್ಥಿತಿಯನ್ನು ತಲುಪಿರುತ್ತದೆ.

ರಾಜನೀತಿಯಲ್ಲಿ ಸಾಮ, ದಾನ, ಭೇದಗಳು ವಿಫಲವಾದ ಮೇಲಷ್ಟೇ ದಂಡಪ್ರಯೋಗ. ಸಾಹೇಬರ ಶಾಸ್ತ್ರದಲ್ಲಿ ದಂಡವೇ ಮೊದಲು. ಆದರೆ ಆ ದಂಡವು ಎಂಥದು! ಸಣ್ಣ ಸುತ್ತಿಗೆಯಿಂದ ಸ್ಟಡ್ಡಿನ ತಲೆಯ ಮೇಲೆ, ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ, ಟಕ್ ಟಕ್ಕೆಂದು ಸಾವಧಾನವಾಗಿ ಬಡಿಯುವುದು. ಆ ಕಂಪನಕ್ಕೆ ಒಳಗಿನ ಪುಡಿ ಬಿರಿದು ಎಣ್ಣೆಗೆ ದಾರಿಯಾಗುತ್ತದಂತೆ. ಎಣ್ಣೆಯ ವಿಷಯದಲ್ಲಿ ಮಾತ್ರ ನೆರೆದವರಲ್ಲಿ ಒಮ್ಮತವಿರಲಿಲ್ಲ. ಒಬ್ಬರು ಸೀಮೆಎಣ್ಣೆಯ ಪಕ್ಷ, ಇನ್ನೊಬ್ಬರು ಡೀಸೆಲ್ಲಿನ ಪಕ್ಷ. ಪಕ್ಕದ ಕ್ಷೌರದಂಗಡಿಯವನು ತನ್ನ ಪಟಿಕಾರದ ಗಟ್ಟಿಯನ್ನೇ ಹಿಡಿದು ಬಂದು, ಇದನ್ನು ಬಿಸಿನೀರಿನಲ್ಲಿ ಕರಗಿಸಿ ಹುಯ್ಯಬೇಕೆಂದು ಸಲಹೆಯಿತ್ತನು. ಎಲ್ಲರೂ ನಕ್ಕರು. ಆದರೆ ಅವನ ಮಾತು ನಿರಾಧಾರವಾದುದಲ್ಲ: ಪಟಿಕಾರದ ಕುದಿದ್ರಾವಣವು ಉಕ್ಕನ್ನು ಮೆಲ್ಲಮೆಲ್ಲನೆ ತಿಂದುಹಾಕಿ, ಹಿತ್ತಾಳೆ ಅಲ್ಯೂಮಿನಿಯಂಗಳನ್ನು ಬಹುಮಟ್ಟಿಗೆ ಮುಟ್ಟದೆ ಬಿಡುವುದರಿಂದ, ಗಡಿಯಾರ ರಿಪೇರಿಯವರು ಮುರಿದ ಸಣ್ಣ ಸ್ಕ್ರೂಗಳನ್ನು ಕರಗಿಸಲು ಅದನ್ನು ಉಪಯೋಗಿಸುವುದುಂಟು. ಸ್ಟಡ್ಡಿನ ಗಾತ್ರಕ್ಕೆ ಆ ಚಿಕಿತ್ಸೆ ಫಲಿಸುವ ವೇಳೆಗೆ ವಾಹನದ ಒಡೆತನ ನನ್ನ ಮಕ್ಕಳಿಗೆ ಸಂದಿರುತ್ತಿತ್ತೆಂಬುದು ಬೇರೆಯ ಮಾತು. ಸಾಹೇಬರು ಯಾರೊಡನೆಯೂ ವಾದಿಸದೆ, ಪವರ್ ಸ್ಟಿಯರಿಂಗಿಗೆ ಹಾಕುವ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ, ಬುಡಬುಡಕ್ಕೆ ತೊಟ್ಟಿಕ್ಕಿಸಿ, ನಾಳೆ ಬನ್ನಿರೆಂದು ಕಳುಹಿಸಿದರು.

ಮರುದಿನ ಅಗ್ನಿಕಾರ್ಯ. ಒಂದೊಂದು ಡಿಗ್ರಿ ಕಾವಿಗೂ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ ಉಕ್ಕು ಹಿಗ್ಗುವುದು 12 ಪಾಲು ಮಾತ್ರ. 8 ಮಿಲಿಮೀಟರಿನ ರಂಧ್ರವನ್ನು ನೂರು ಡಿಗ್ರಿಯಷ್ಟು ಕಾಯಿಸಿದರೆ ದೊರೆಯುವ ಬಿಡುವು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಮೆ. ಇಷ್ಟಕ್ಕಾಗಿ ಆ ಗ್ಯಾಸ್ ಟಾರ್ಚು, ಆ ನೀಲಿ ಜ್ವಾಲೆ, ಮಕ್ಕಳನ್ನು ದೂರ ನಿಲ್ಲಿಸುವ ಆ ಗದ್ದಲ! ಮತ್ತೆ ಅಲ್ಯೂಮಿನಿಯಂ ಎಂಬುದು ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡತಕ್ಕ ಲೋಹವಲ್ಲ, ಸದ್ದಿಲ್ಲದೆ ಕರಗಿಬಿಡುತ್ತದೆ. ಆದಕಾರಣ ಸಾಹೇಬರು ಆಗಾಗ ಬೆರಳಿನಿಂದ ನೀರು ಚಿಮುಕಿಸಿ, ಹನಿಯು ಚುರ್ರೆಂದು ಆರುವ ರೀತಿಯಿಂದಲೇ ಕಾವನ್ನು ಅಳೆಯುತ್ತಿದ್ದರು.

ಅನಂತರ ಸ್ಟಡ್ಡಿಗೆ ಎರಡು ನಟ್ಟುಗಳನ್ನು ತೊಡಿಸಿ, ಒಂದರ ಮೇಲೊಂದನ್ನು ಎದುರುಬದುರಾಗಿ ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಇಲ್ಲಿಯೇ ಅವರ ವಿದ್ಯೆಯೆಲ್ಲ ಇದ್ದದ್ದು. ಸ್ಪ್ಯಾನರ್ ತಿರುಗಿತೆಂದರೆ ಸಂತೋಷಪಡುವವನು ಅನನುಭವಿ. ತಲೆ ತಿರುಗಿಯೂ ಬುಡ ತಿರುಗದಿದ್ದರೆ ನಡುವೆ ಉಕ್ಕು ತಿರುಚಿಕೊಳ್ಳುತ್ತಿದೆಯೆಂದೂ, ಇನ್ನೊಂದು ಬೆರಳಿನಷ್ಟು ಒತ್ತಿದರೆ ಮುರಿಯುವುದೆಂದೂ ಅರ್ಥ. ಅವರು ಕಣ್ಣಿಟ್ಟಿದ್ದುದು ಬುಡದ ಮೇಲೆ. ಕೂದಲೆಳೆಯಷ್ಟು ಸಡಿಲ, ಮತ್ತೆ ಬಿಗಿ, ಮತ್ತೆ ಎಣ್ಣೆ, ಮತ್ತೆ ಸಡಿಲ. “ಅವಸರ ಮಾಡಿದ್ರೆ ಮುರೀತದೆ ಮೇಷ್ಟ್ರೇ” ಎಂದು, ನಾನು ಏನನ್ನೂ ಮಾಡದೆ ಸುಮ್ಮನೆ ನಿಂತಿದ್ದಾಗಲೂ ನನಗೇ ಹೇಳಿದರು.

ಒಂದು ಟಿಕ್ಕೆಂದು ಬಿಟ್ಟುಕೊಟ್ಟಿತು. ಇನ್ನೊಂದು ಕೀರಲು ದನಿ ತೆಗೆಯುತ್ತ ಬಂದಿತು. ಮೂರನೆಯದು ಕೇಸಿನಿಂದ ಅರ್ಧ ಅಂಗುಲ ಮೇಲೆ ಮುರಿಯಿತು. ಯಾರೋ ಹುಡುಗನು ಮುರಿದ ಸ್ಟಡ್ಡಿಗೆ ತೂತು ಕೊರೆದು ಹಾಕುವ ಎಕ್ಸ್‌ಟ್ರ್ಯಾಕ್ಟರನ್ನು ಮುಂದೆ ನೀಡಲು, ಸಾಹೇಬರು ಅದನ್ನು ದೂರ ಸರಿಸಿದರು. ನನ್ನ ಅಭಿಪ್ರಾಯದಲ್ಲಿ ಆ ಸಾಧನವನ್ನು ಕಂಡುಹಿಡಿದವನು ಮೋಟಾರ್‌ಸೈಕಲ್ಲುಗಳ ಪರಮವೈರಿ. ಏಕೆಂದರೆ ಅತಿಗಡಸಾದ ಆ ಉಕ್ಕು ಒಳಗೇ ಮುರಿದುಹೋದರೆ ಸಾಮಾನ್ಯವಾದ ಯಾವ ಡ್ರಿಲ್ಲೂ ಅದನ್ನು ಕೊರೆಯಲಾರದು. ಸಾಹೇಬರು ಉಳಿದ ಮೋಟಿನ ಮೇಲೊಂದು ನಟ್ಟನ್ನಿಟ್ಟು ವೆಲ್ಡ್ ಮಾಡಿಸಿದರು. ಆ ಕಾವಿಗೇ ಅದು ಸಡಿಲಗೊಂಡು ಬಂದಿತು.

ನಾಲ್ಕನೆಯದು ಮಾತ್ರ ಮೇಲಿನ ಸಮಸ್ತ ಉಪಚಾರಗಳನ್ನೂ ಪುನಃಪುನಃ ಸ್ವೀಕರಿಸಿ, ಅಲುಗಲಿಲ್ಲ. ಸಂಜೆಯಾಯಿತು. ಸಾಹೇಬರು ತಂತಿಯ ಬ್ರಷ್ಷಿನಿಂದ ಅದನ್ನು ತಿಕ್ಕಿ, ಥ್ರೆಡ್ಡನ್ನು ಉಗುರಿನಿಂದ ಸವರಿ, ಹೊಸ ನಟ್ಟೊಂದನ್ನು ಕೊನೆಯವರೆಗೂ ತಿರುಗಿಸಿ ನೋಡಿ, “ಇದಿರ್ಲಿ ಮೇಷ್ಟ್ರೇ, ಇದು ಚೆನ್ನಾಗೇ ಅದೆ” ಎಂದು ತೀರ್ಮಾನವಿತ್ತರು. ಮಜೂರಿಯನ್ನು ಮಾತ್ರ ನಾಲ್ಕಕ್ಕೂ ಹಾಕಿದ್ದರು. ಬಾರದ ಸ್ಟಡ್ಡಿಗೆ ಮಜೂರಿ ಯಾತಕ್ಕೆಂದು ಕೇಳಲಾಗಿ, ಎಲ್ಲಕ್ಕಿಂತ ಹೆಚ್ಚು ಕೆಲಸ ಹಿಡಿದದ್ದು ಅದಕ್ಕೇ ಅಲ್ಲವೆ ಎಂದರು. ಕೊಟ್ಟೆನು.