ಲೂ ಬೀಸುವಾಗ ಸ್ವೆಟರ್

ದೆಹಲಿಯಲ್ಲಿ ಸ್ವೆಟರ್ ಹೆಣೆಯಲು ಸರಿಯಾದ ತಿಂಗಳು ಮೇ. ಫೋನಿನಲ್ಲಿ ಇದನ್ನು ಹೇಳಿದಾಗಲೆಲ್ಲ ಬೆಂಗಳೂರಿನ ತಂಗಿ, "ಅಕ್ಕಾ, ಮಜ್ಜಿಗೆ ಜಾಸ್ತಿ ಕುಡಿ, ಬಿಸಿಲು ತಲೆಗೇರಿದೆ" ಎನ್ನುತ್ತಾಳೆ. ಇಪ್ಪತ್ತು ಡಿಗ್ರಿಗೆಲ್ಲ ಮಂಕಿ ಕ್ಯಾಪ್ ಏರಿಸಿಕೊಂಡು ಲಾಲ್‌ಬಾಗ್ ಸುತ್ತುವ ಊರಿನವರಿಂದ ಹವೆಯ ಬಗ್ಗೆ ಬುದ್ಧಿ ಹೇಳಿಸಿಕೊಳ್ಳಬೇಕಲ್ಲ, ಅದು ನನ್ನ ಕರ್ಮ.

ಲೆಕ್ಕ ಹಾಕಿ ನೋಡಿ. ಹಿಂದಿ ಮಹಿಳಾ ಪತ್ರಿಕೆಗಳ ಬುನಾಯಿ, ಅಂದರೆ ಹೆಣಿಗೆಯ, ವಿಶೇಷಾಂಕ ಕೈಗೆ ಬರುವುದು ದಸರೆ ಕಳೆದ ಮೇಲೆ. ದೀಪಾವಳಿಯ ಗದ್ದಲ ಮುಗಿಸಿ, ಉಲ್ಲನ್ ತಂದು, ಬಣ್ಣ ಸರಿಯಿಲ್ಲವೆಂದು ಬದಲಾಯಿಸಿ, ಬಾರ್ಡರ್ ಶುರು ಮಾಡುವಾಗ ನವೆಂಬರ್ ಕೊನೆ. ದೆಹಲಿಯ ಹಲ್ಲು ಕಡಿಸುವ ಚಳಿ ಡಿಸೆಂಬರ್ ಕೊನೆಯಿಂದ ಜನವರಿ ನಡುವಿನ ತನಕ. ಆಗ ಕೈಯಲ್ಲಿರುವುದು ಬರೀ ಬೆನ್ನಿನ ಭಾಗ. ಎರಡನೇ ತೋಳು ಮುಗಿಯುವಾಗ ಮಕ್ಕಳು ಬಣ್ಣ ಎರಚುತ್ತಿರುತ್ತಾರೆ. ಕೇಂದ್ರ ಸರ್ಕಾರದ ಕಚೇರಿಗಳ ಮುಂದೆ ಊಟದ ಬಿಡುವಿನಲ್ಲಿ ಎಳೆಬಿಸಿಲು ಕಾಯಿಸುತ್ತಾ ಹೆಣೆಯುತ್ತಿದ್ದ ಹೆಂಗಸರನ್ನು ಹಳೆಯ ದೆಹಲಿವಾಸಿಗಳೆಲ್ಲ ನೆನೆಯುತ್ತಾರೆ. ಅವರ ಗಂಡಂದಿರು ಆ ವರ್ಷ ಹಾಕಿಕೊಂಡದ್ದು ಏನನ್ನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮೇ ತಿಂಗಳ ಬಾಬತ್ತೇ ಬೇರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದೂವರೆವರೆಗೆ ಲೂ ಎಂಬ ಬಿಸಿಗಾಳಿ ಬಾಗಿಲು ತಟ್ಟುತ್ತಿರುತ್ತದೆ. ಹೊರಗೆ ಕಾಲಿಡುವಂತಿಲ್ಲ, ಯಾರೂ ಬರುವುದಿಲ್ಲ, ಹಬ್ಬವಿಲ್ಲ, ಹರಿದಿನವಿಲ್ಲ. ಇಂಥ ಬಿಡುವು ಮಲೆನಾಡಿನ ಮಳೆಗಾಲದವರಿಗೆ ಸಿಕ್ಕರೆ ಹಲಸಿನ ಬೀಜ ಸುಟ್ಟುಕೊಂಡು ಕೂರುತ್ತಾರೆ. ಮಯೂರ್ ವಿಹಾರದ ನಾವು ಸೂಜಿ ಹಿಡಿಯುತ್ತೇವೆ.

ಬಿಸಿಲು ಎಷ್ಟು ಎಂದರೆ, ತಾಪಮಾನ ಅಳೆಯುವ ಯಂತ್ರಕ್ಕೇ ಒಮ್ಮೆ ತಲೆ ಕೆಟ್ಟಿತ್ತು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಹವಾಮಾನ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶವೆಲ್ಲ ಸುದ್ದಿ. ಆಮೇಲೆ ಹವಾಮಾನ ಇಲಾಖೆ ಪರೀಕ್ಷೆ ಮಾಡಿಸಿ, ಅಲ್ಲಿನ ಸೆನ್ಸರ್ 3 ಡಿಗ್ರಿ ಹೆಚ್ಚು ಹೇಳಿದೆ ಎಂದಿತು. ಸರೋಜಿನಿ ನಗರದಲ್ಲಿ ಕುರ್ತಿಗೆ ಚೌಕಾಸಿ ಮಾಡಿದ ಹಾಗೆ 3 ಇಳಿಸಿದರು, ಸಂತೋಷ. ಬಾಕಿ ಉಳಿದದ್ದನ್ನು ತೆತ್ತವರು ನಾವು. ಅದೇ ದಿನ ದೆಹಲಿಯ ಮುಖ್ಯ ಹವಾಮಾನ ಕೇಂದ್ರವಾದ ಸಫ್ದರ್‌ಜಂಗ್‌ನಲ್ಲಿ 46.8. ಸಫ್ದರ್‌ಜಂಗ್‌ನ ಹಳೆಯ ದಾಖಲೆ 47.2, ಅದೂ 1944ರ ಮೇ 29ರದ್ದೇ. 2024ರಿಂದ ನಮ್ಮ ಮನೆಯಲ್ಲಿ ಮೇ 29ನ್ನು ಪಂಚಾಂಗದಲ್ಲಿಲ್ಲದ ಹಬ್ಬವಾಗಿ ಆಚರಿಸುತ್ತೇವೆ. ಒಲೆ ಹಚ್ಚುವುದಿಲ್ಲ, ಮೊಸರನ್ನವೇ ನೈವೇದ್ಯ. ಚಹಾಕ್ಕೆ ಮಾತ್ರ ವಿನಾಯಿತಿ.

ಈ ತಿಂಗಳಲ್ಲಿ ಮನೆಯ ವಸ್ತುಗಳೆಲ್ಲ ತಮ್ಮ ಸ್ವಧರ್ಮ ಬಿಡುತ್ತವೆ. ತಣ್ಣೀರಿನ ನಲ್ಲಿಯಲ್ಲಿ ಮಹಡಿಯ ಟ್ಯಾಂಕಿನ ಕುದಿನೀರು ಬರುತ್ತದೆ. ಗೀಸರಿನ ಸ್ವಿಚ್ಚು ಆರಿಸಿಟ್ಟರೆ ಅದರ ಹೊಟ್ಟೆಯಲ್ಲಿ ರಾತ್ರಿಯ ನೀರು ತಂಪಾಗಿ ಉಳಿದಿರುತ್ತದೆ. ಹಾಗಾಗಿ ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ಊರಿನಿಂದ ಬಂದ ನೆಂಟರಿಗೆ ಇದನ್ನು ಬಚ್ಚಲ ಬಾಗಿಲ ಹೊರಗೆ ನಿಂತು ಕೂಗಿ ಹೇಳುವಷ್ಟರಲ್ಲಿ ಒಳಗಿನಿಂದ ಕೂಗು ಬಂದಿರುತ್ತದೆ.

ಉಲ್ಲನ್ ತರಲು ಪಿಂಕ್ ಲೈನ್ ಮೆಟ್ರೋ ಹತ್ತಿ ಲಾಜಪತ್ ನಗರಕ್ಕೆ ಹೋಗುತ್ತೇನೆ. ತಂಪು ಗಾಳಿಯಲ್ಲಿ ಕೂತು ಹೋಗಿ ಬರುವುದಕ್ಕೇ ಟಿಕೆಟ್ಟಿನ ದುಡ್ಡು ಹುಟ್ಟುತ್ತದೆ, ಉಲ್ಲನ್ ಬೋನಸ್ಸು. ಅಂಗಡಿಯ ಲಾಲಾ ಮುಂಭಾಗದಲ್ಲಿ ಮಲ್‌ಮಲ್ ದುಪಟ್ಟಾ ತೂಗುಹಾಕಿ ಲೂಧಿಯಾನಾದ ಉಲ್ಲನ್ ಗೋಲಾಗಳನ್ನೆಲ್ಲ ಅಟ್ಟಕ್ಕೇರಿಸಿರುತ್ತಾನೆ. ಕೇಳಿದ ಕೂಡಲೇ ನನ್ನ ಮುಖ ನೋಡಿ, ಮೊದಲು ಒಂದು ಲೋಟ ನೀರು ಕೊಡುತ್ತಾನೆ. ಆಮೇಲೆ ಹುಡುಗ ಏಣಿ ಹಾಕುತ್ತಾನೆ. ಕೊಳ್ಳುವವರು ಯಾರೂ ಇಲ್ಲದ್ದರಿಂದ ರೇಟು ನಾವು ಹೇಳಿದ್ದು. ಒಂದು ಮಾತು ಮಾತ್ರ ನೆನಪಿರಲಿ: ಎಲ್ಲ ಗೋಲಾಗಳ ಮೇಲಿನ ಚೀಟಿಯಲ್ಲಿ ಲಾಟ್ ನಂಬರ್ ಒಂದೇ ಇರಬೇಕು. ಬಣ್ಣದ ಹಂಡೆ ಬದಲಾದರೆ ನೀಲಿಯೂ ಬದಲು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಆ ವ್ಯತ್ಯಾಸ ಜನವರಿಯ ಬಿಸಿಲಿನಲ್ಲಿ ಗಂಡನ ಎದೆಗೂ ಬೆನ್ನಿಗೂ ಆಗಿಬರುವುದಿಲ್ಲ ಎಂದು ಸಾರುತ್ತದೆ.

ಬೇಸಿಗೆಯ ಹೆಣಿಗೆಗೆ ಒಂದು ಶಾಸ್ತ್ರವಿದೆ. ತೋಳು ಮೊದಲು. ಬೆನ್ನಿನ ಭಾಗ ಹಿಡಿದಿರೋ, ಹೆಣೆದಷ್ಟೂ ಅದು ತೊಡೆಯ ಮೇಲೆ ಕಂಬಳಿಯಾಗಿ ಹರಡುತ್ತದೆ. ತೋಳಾದರೆ ಕಡ್ಡಿಯ ಅಂಚಿನಲ್ಲಿ ನೇತಾಡಿಕೊಂಡಿರುತ್ತದೆ. ಕೈ ಬೆವರಿದರೆ ಉಲ್ಲನ್ ಕಡ್ಡಿಯ ಮೇಲೆ ಜಾರದೆ ಕಿರುಗುಟ್ಟುತ್ತದೆ, ಅದಕ್ಕೆ ಅಂಗೈಗೆ ಟಾಲ್ಕಂ ಪೌಡರ್. ಬಾರ್ಡರಿಗೆ ಹನ್ನೊಂದನೇ ನಂಬರಿನ ಸಲಾಯಿ, ಮೇಲಕ್ಕೆ ಒಂಬತ್ತು. ಈ ಶಾಸ್ತ್ರ ನನಗೆ ಬಂದದ್ದು ಮೇಲ್ಮನೆಯ ಪಂಜಾಬಿ ಭಾಭೀಜಿಯಿಂದ. ಅವರಿಗೆ ಕಣ್ಣು ಮುಚ್ಚಿಕೊಂಡು ಹೆಣೆಯಲು ಬರುತ್ತದೆ. ಮಧ್ಯಾಹ್ನ ಸೋಫಾದಲ್ಲಿ ಗೊರಕೆ ಹೊಡೆಯುತ್ತಲೇ ಎರಡು ಸಾಲು ಮುಗಿಸಿದ್ದನ್ನು ನಾನೇ ನೋಡಿದ್ದೇನೆ. ಎದ್ದು, "ಭಾಭೀಜೀ, ಉಲ್ಟಾ ಆಯ್ತಾ, ಸೀಧಾ ಆಯ್ತಾ?" ಎಂದು ನನ್ನನ್ನು ಕೇಳುತ್ತಾರೆ. ನಾನೂ ಅವರನ್ನು ಭಾಭೀಜಿ ಎನ್ನುತ್ತೇನೆ. ಇಬ್ಬರೂ ಪರಸ್ಪರ ಅತ್ತಿಗೆಯಾಗುವುದು ಹೇಗೆಂದು ದೆಹಲಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾವು ಕೂರುವುದು ಅವರ ಮನೆಯ ಕೂಲರಿನ ಎದುರು. ಏಪ್ರಿಲ್‌ನಲ್ಲಿ ಸೈಕಲ್ಲಿನ ಮೇಲೆ ಕೂಲರ್ ಹುಲ್ಲು ಮಾರುವವನು ಬರುತ್ತಾನೆ. ಮೂರು ಮಗ್ಗುಲಿಗೂ ಹೊಸ ಹುಲ್ಲು ತುಂಬಿಸಿ ನೀರು ಹಾಕಿದರೆ ಒಣಗಾಳಿ ಆ ನೀರನ್ನು ಆವಿ ಮಾಡುತ್ತಾ ತನ್ನ ಬಿಸಿ ಕಳೆದುಕೊಂಡು ಒಳಗೆ ಬರುತ್ತದೆ. ಭಾಭೀಜಿ ಒಂದು ಮಗ್ಗುಲಿಗೆ ಖಸ್, ಅಂದರೆ ನಮ್ಮ ಲಾವಂಚವನ್ನೇ ತುರುಕಿಸುತ್ತಾರೆ. ಮಧ್ಯಾಹ್ನವೆಲ್ಲ ಕೋಣೆಯಲ್ಲಿ ಮೊದಲ ಮಳೆಯ ವಾಸನೆ. ಹೊರಗೆ ಮಳೆಯ ಸುಳಿವೇ ಇರುವುದಿಲ್ಲ.

ಈ ಕೂಲರಿನ ಎದುರೇ ನನ್ನ ಕಾಫಿಯ ಕುಲಗೌರವ ಮಣ್ಣುಪಾಲಾದದ್ದು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುವವರ ಕೈಯಲ್ಲಿ ಪುಡಿ ತರಿಸಿ, ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ ಮಧ್ಯಾಹ್ನಕ್ಕೆ ಕಹಿ ಹುಳಿಯಾಗುವ ಊರಿನಲ್ಲಿ ಎಷ್ಟು ದಿನ ಹಟ ಹಿಡಿದು ಕೂರುವುದು? ಭಾಭೀಜಿಯ ಮನೆಯಲ್ಲಿ ಚಳಿಗಾಲದ ಚಹಾಕ್ಕೆ ಶುಂಠಿ, ಬೇಸಿಗೆಗೆ ಸೋಂಪು. ಹಾಲು ನಮ್ಮದೇ ಪಟ್ಪರ್‌ಗಂಜ್‌ನ ಮದರ್ ಡೈರಿಯದು. 1974ರಲ್ಲಿ ಶುರುವಾದ ಆ ಡೈರಿಯ ಬೂತಿನಲ್ಲಿ ಕ್ಯಾನ್ ಹಿಡಿದು ಸಾಲು ನಿಲ್ಲುವುದೇ ಇಲ್ಲಿನ ಗಂಡಸರ ಸಂಧ್ಯಾವಂದನೆ. ನಲವತ್ತನಾಲ್ಕು ಡಿಗ್ರಿಯಲ್ಲಿ ಹಬೆಯಾಡುವ ಚಹಾ ಯಾಕೆಂದರೆ, ಬಿಸಿಯನ್ನು ಬಿಸಿಯೇ ಕೊಲ್ಲುತ್ತದೆ ಎನ್ನುತ್ತಾರೆ ಭಾಭೀಜಿ. ಮೊದಲು ನಕ್ಕಿದ್ದೆ. ಯೋಚಿಸಿದರೆ ಕೂಲರಿಗೂ ಚಹಾಕ್ಕೂ ಸೂತ್ರ ಒಂದೇ. ಬಿಸಿ ಕುಡಿದಾಗ ಬೆವರು ಜೋರಾಗಿ ಕಿತ್ತುಬರುತ್ತದೆ, ಒಣಗಾಳಿ ಅದನ್ನು ಹೀರುತ್ತದೆ, ಮೈ ತಂಪಾಗುತ್ತದೆ. ಲೋಟದ ಬಿಸಿಗಿಂತ ಬೆವರು ಒಯ್ಯುವ ಬಿಸಿ ಜಾಸ್ತಿ. ಜುಲೈನ ಜಿಗುಟು ಸೆಕೆಯಲ್ಲಿ ಕೂಲರೂ ಸೋಲುತ್ತದೆ, ಚಹಾವೂ ಸೋಲುತ್ತದೆ. ಆಗ ಮಾತ್ರ ಭಾಭೀಜಿ ಸಿದ್ಧಾಂತ ಬದಿಗಿಟ್ಟು ಎ.ಸಿ. ಹಾಕುತ್ತಾರೆ.

ಹೊಲಿಗೆಯದು ಅನಿವಾರ್ಯ ಕರ್ಮ. ಮೇ–ಜೂನ್‌ನಲ್ಲಿ ಯಾವ ಟೈಲರ್ ಅಂಗಡಿಗೆ ಹೋದರೂ ಷಟರ್ ಅರ್ಧ ಇಳಿದಿರುತ್ತದೆ. ಒಳಗಿನಿಂದ ಹುಡುಗ, "ಮಾಸ್ಟರ್‌ಜೀ ಗಾಂವ್ ಗಯೇ ಹೈಂ" ಎನ್ನುತ್ತಾನೆ. ಊರಲ್ಲಿ ತಂಗಿಯ ಮದುವೆ. ಪ್ರತಿವರ್ಷವೂ ತಂಗಿಯ ಮದುವೆಯೇ. ಹಾಗಾಗಿ ಹತ್ತಿಯ ನೈಟಿ, ಕಿಟಕಿಗೆ ದಪ್ಪ ಪರದೆ, ಸೀರೆಯ ಫಾಲ್ ಎಲ್ಲ ನನ್ನ ಕಾಲಿನ ಉಷಾ ಮೆಷಿನ್ನಿನ ಪಾಲಿಗೆ. ಕಲ್ಕತ್ತದ ಜಯ್ ಇಂಜಿನಿಯರಿಂಗ್ ವರ್ಕ್ಸ್‌ನಲ್ಲಿ ತಯಾರಾಗಿ ದೇಶದ ಮನೆಮನೆಗೆ ಬಂದ ಈ ಮೆಷಿನ್ನಿನ ಹಿಂದಿದ್ದವರು ದೆಹಲಿ ಕ್ಲಾತ್ ಮಿಲ್‌ನ ಲಾಲಾ ಶ್ರೀರಾಮ್. ಹೆಂಡತಿಯ ನೆನಪಿಗೆ ಅವರು ಕಟ್ಟಿಸಿದ ಲೇಡಿ ಶ್ರೀರಾಮ್ ಕಾಲೇಜು 1956ರಲ್ಲಿ ತೆರೆಯಿತು. ಮಗಳು ಆ ಕಾಲೇಜಿನಲ್ಲಿ ಓದಿದಳು, ನಾನು ಮೆಷಿನ್ ತುಳಿದೆ; ಒಟ್ಟಿನಲ್ಲಿ ಲಾಲಾಜಿಯ ಋಣ ಮನೆತುಂಬ ಇದೆ.

ಹೊಲಿಗೆಗೂ ಫ್ಯಾನಿಗೂ ಹುಟ್ಟುವೈರ. ಕತ್ತರಿಸಿದ ಬ್ಲೌಸಿನ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಫ್ಯಾನ್ ಹಾಕಿದರೆ ಕಂಕುಳ ಪಟ್ಟಿ ಮಂಚದ ಕೆಳಗೆ, ಕುತ್ತಿಗೆ ಯಜಮಾನರ ಪೇಪರಿನ ಮೇಲೆ. ಫ್ಯಾನ್ ಆರಿಸಿದರೆ ಅವರು ಪೇಪರ್ ಕೆಳಗಿಳಿಸಿ, "ಏನೇ, ನಾನು ಬದುಕಿರೋದು ನಿನಗೆ ಗೊತ್ತಾ?" ಎಂದು ವಿಚಾರಿಸುತ್ತಾರೆ. ಕರೆಂಟು ಹೋದಾಗ ಈ ತಂಟೆಯಿಲ್ಲ. ಕಾಲಿನ ಮೆಷಿನ್ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಕತ್ತಲಾಗುವ ಮುನ್ನ ಎರಡು ಪರದೆಯ ಅಂಚು ಮಡಚಿಬಿಡಬಹುದು. ಮೋಟಾರ್ ಹಾಕಿಸಿಕೊಂಡ ಕೆಳಮನೆಯಾಕೆ ಆಗ ನಮ್ಮ ಮನೆಗೆ ಬಂದು ನನ್ನ ಪಾದಗಳನ್ನೇ ನೋಡುತ್ತಾ ಕೂರುತ್ತಾರೆ.

ಇನ್ನು ಬೇಕಿಂಗು. ಮೇ ತಿಂಗಳಲ್ಲಿ ಓವನ್ ಹಚ್ಚಲು ಹೋದವಳನ್ನು ತಡೆದು ಯಜಮಾನರು, "ಹೊರಗೆ ಉರೀತಿರೋ ಭಟ್ಟಿ ಸಾಲದಾ?" ಎಂದರು. ಮಾತಿನಲ್ಲಿ ಹುರುಳಿತ್ತು. ಅಳೆಯುವ ಮೊದಲೇ ಬೆಣ್ಣೆ ತುಪ್ಪವಾಗುತ್ತದೆ, ಈಸ್ಟ್ ಹಾಕಿ ಕಲಸಿದ ಹಿಟ್ಟು ಕೈ ತೊಳೆದು ಬರುವುದರೊಳಗೆ ಪಾತ್ರೆ ದಾಟಿರುತ್ತದೆ. ಭಾಭೀಜಿ ಇದಕ್ಕೂ ದಾರಿ ತೋರಿಸಿದರು. ಇಲ್ಲಿನ ಹಳೆಯ ಪದ್ಧತಿ ಅದು: ಹಿಟ್ಟು, ತುಪ್ಪ, ಸಕ್ಕರೆ ಎಲ್ಲ ಮನೆಯಿಂದ ಹೊತ್ತುಕೊಂಡು ಭಟ್ಟಿಗೆ ಹೋಗುವುದು, ಭಟ್ಟಿಯವನು ಕಲಸಿ ಬೇಯಿಸಿ ಡಬ್ಬ ತುಂಬ ಬಿಸ್ಕತ್ತು ಕೊಡುವುದು, ನಾವು ಕೂಲಿ ಕೊಡುವುದು. ತುಪ್ಪ ಪೂರ್ತಿ ಹಿಟ್ಟಿಗೇ ಬಿತ್ತೇ ಎಂದು ಕೊನೆಯವರೆಗೂ ಎದುರು ಕೂತು ಕಾಯುವುದು ಈ ವಿಧಿಯ ಮುಖ್ಯ ಅಂಗ. ಭಾಭೀಜಿ ಬೀಸಣಿಗೆ ಆಡಿಸುತ್ತಾ ಕೂತರೆ ಗಡಿ ಕಾಯುವ ಯೋಧರೂ ಅವರಿಂದ ಕಲಿಯಬೇಕು.

ಅವರದು ಗೋಧಿ ಬಿಸ್ಕತ್ತು. ನಾನು ಒಯ್ದದ್ದು ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತಿನ ಸಾಮಾನು: ಮೈದಾ, ಬೆಣ್ಣೆ, ಸ್ವಲ್ಪ ಮೊಸರು, ಹಸಿಮೆಣಸು, ಕರಿಬೇವು, ಕೊತ್ತಂಬರಿ. ಭಟ್ಟಿಯವನು ಪೊಟ್ಟಣ ಬಿಚ್ಚಿ, ಯಾರದೋ ಮನೆಯ ಅಡುಗೆ ತಪ್ಪಿ ಬಂದಿದೆಯೆಂದು ಮೆಣಸಿನಕಾಯಿ ಎತ್ತಿ ನನಗೇ ವಾಪಸ್ಸು ಕೊಟ್ಟ. ಹಾಕಲೇಬೇಕು ಎಂದೆ. ಭಾಭೀಜಿಯತ್ತ ತಿರುಗಿ, "ಇವರ ಕಡೆ ಬಿಸ್ಕತ್ತಿನ ಜತೆ ಏನು ಕುಡೀತಾರೆ?" ಎಂದು ಕನಿಕರದಿಂದ ಕೇಳಿದ. ಮೊದಲ ಟ್ರೇ ಹೊರಬಂದಾಗ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, ಹುಡುಗನನ್ನು ಚಹಾ ತರಲು ಓಡಿಸಿದ. ಕೂಲಿಯಲ್ಲಿ ಅರ್ಧ ಮಾತ್ರ ತೆಗೆದುಕೊಂಡು ಉಳಿದರ್ಧಕ್ಕೆ ಬಿಸ್ಕತ್ತು ಉಳಿಸಿಕೊಂಡ.

ಭಟ್ಟಿಗೂ ಹೋಗದೆ ಬೇಯಿಸುವ ಕಲೆ ನಮ್ಮ ಕನ್ನಡದವರದು: ಮಹಡಿಯ ಮೇಲೆ ಸಂಡಿಗೆ. ಊರಿನಲ್ಲಿ ಮೂರು ದಿನ ಕಾಗೆ ಕಾಯಬೇಕಾದ ಅರಳು ಸಂಡಿಗೆ ಇಲ್ಲಿ ಬೆಳಿಗ್ಗೆ ಇಟ್ಟರೆ ಸಂಜೆಗೆ ಕಲ್ಲು. ಬಾಳಕದ ಮೆಣಸಿನಕಾಯಿಯೂ ಅಷ್ಟೇ. ದೆಹಲಿ ಕರ್ನಾಟಕ ಸಂಘದ ಸಮಾರಂಭಗಳಲ್ಲಿ ಭಾಷಣ ನಡೆಯುವಾಗ ಹಿಂದಿನ ಸಾಲಿನಲ್ಲಿ ಗುಸುಗುಸು ನಡೆಯುವುದು ಈ ವಿಷಯವಾಗಿಯೇ. ಆಂಧಿ ಎಂಬ ಧೂಳಿನ ಬಿರುಗಾಳಿ ಒಂದನ್ನು ನೋಡಿಕೊಂಡರೆ ಸಾಕು. ಆಕಾಶ ಹಳದಿಯಾದ ಗಳಿಗೆಗೆ ಮೆಟ್ಟಿಲು ಹತ್ತಿ ಓಡಬೇಕು. ತಡವಾದರೆ ಆ ವರ್ಷದ ಸಂಡಿಗೆಯಲ್ಲಿ ಉಪ್ಪು, ಖಾರ, ಇಂಗಿನ ಜತೆಗೆ ಯಮುನೆಯ ಮರಳೂ ಸೇರುತ್ತದೆ.

ಹೋದ ಜೂನ್‌ನಲ್ಲಿ ಮೊಮ್ಮಗನ ಸ್ವೆಟರಿಗೆ ಒಂದು ಗೋಲಾ ಸಾಲದೆ ಮತ್ತೆ ಲಾಜಪತ್ ನಗರಕ್ಕೆ ಹೊರಟೆ. ಲಾಟ್ ನಂಬರ್ ತಾಳೆ ನೋಡಲು ಅರ್ಧ ಹೆಣೆದದ್ದು ಕಡ್ಡಿಸಮೇತ ಚೀಲದಲ್ಲಿತ್ತು. ಮೆಟ್ರೋದ ತಪಾಸಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಚೀಲ ತೆರೆದಳು. ಕಡ್ಡಿ ಎತ್ತಿ ಹಿಡಿದಳು, ನನ್ನನ್ನು ನೋಡಿದಳು, ಹೊರಗಿನ ಬಿಸಿಲು ನೋಡಿದಳು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಆಕೆ ಸ್ವೆಟರ್ ಅಗಲಿಸಿ, ಕುತ್ತಿಗೆಯ ಹತ್ತಿರದ ಜಾಲಿ ಡಿಸೈನನ್ನು ಬೆರಳಲ್ಲಿ ಎಣಿಸಿ, ತಗ್ಗಿದ ದನಿಯಲ್ಲಿ ನಾಲ್ಕು ವರ್ಷದ ಮಗುವಿಗೆ ಎಷ್ಟು ಫಂದೆ (ಕುಣಿಕೆ) ಹಾಕಬೇಕು ಎಂದು ಕೇಳಿದಳು. ಎಪ್ಪತ್ತೆರಡು ಎಂದೆ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

"ಎಪ್ಪತ್ತಾರು ಹಾಕಿಸಿ ಆಂಟೀಜೀ," ಎಂದಿತು ಸಾಲಿನ ಹಿಂದಿನಿಂದ ಇನ್ನೊಂದು ದನಿ, "ಚಳಿಗಾಲ ಬರೋದರೊಳಗೆ ಮಗು ಬೆಳೆದಿರುತ್ತೆ."