ಪಲ್ಯ ಆರುವ ಮುನ್ನ ಪರರಿಗಾಗಿ ಪ್ರಾರ್ಥನೆ

ಪರರಿಗಾಗಿ ನಾನು ಮಾಡುವ ಪ್ರಾರ್ಥನೆಗೆ ನನ್ನ ಹೆಂಡತಿ ಇಟ್ಟಿರುವ ಹೆಸರು ‘ಚಾಡಿ’.

ನಮ್ಮದು ಧಾರವಾಡದ ಹಳೆಯ ಕ್ರೈಸ್ತ ಮನೆತನ. 1837ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರ ಸಭೆಯಲ್ಲಿ ಬೆಳೆದವರು. ಹಾಗಾಗಿ ರಾತ್ರಿ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ ಆಗಲೇಬೇಕು. ಅತ್ತ ಪಲ್ಯ ಆರುತ್ತಿರುತ್ತದೆ, ಇತ್ತ ನಾನು ದೇವರಿಗೆ ವರದಿ ಒಪ್ಪಿಸುತ್ತಿರುತ್ತೇನೆ. ಮೇಲಿನ ಮನೆಯವರು ನಸುಕಿನಲ್ಲೇ ಮಿಕ್ಸರ್ ಹಾಕುತ್ತಾರೆ, ಅವರಿಗೆ ಒಳ್ಳೆಯ ಬುದ್ಧಿ ಕೊಡು. ಭಾವಮೈದುನನಿಗೊಂದು ನೌಕರಿ ಕೊಡು, ನನ್ನ ಹತ್ತಿರ ಒಯ್ದ ದುಡ್ಡು ಅವನಿಗೆ ನೆನಪಾಗಲಿ.

“ದೇವ್ರಿಗೆ ಬಡ್ಡಿ ಲೆಕ್ಕಾನೂ ಹೇಳಿಬಿಡ್ರಿ,” ಅಂದಳು.

ಮಾದರಿಗಾಗಿ ಸತ್ಯವೇದವನ್ನೇ ತೆರೆದೆ. ಸೊದೋಮ್ ಪಟ್ಟಣ ಉಳಿಸಲು ಅಬ್ರಹಾಮ ದೇವರೊಡನೆ ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನಂತೆ ಚೌಕಾಸಿಗೆ ನಿಲ್ಲುತ್ತಾನೆ. 50 ನೀತಿವಂತರಿದ್ದರೆ ಊರು ಉಳಿಸುತ್ತೀಯಾ ಎಂದು ಶುರುಮಾಡಿ, 45, 40, 30, 20 ಅಂತ ಇಳಿಸುತ್ತ 10ಕ್ಕೆ ತರುತ್ತಾನೆ. ಅದೇ ಊರಲ್ಲಿ ಅವನ ಅಣ್ಣತಮ್ಮನ ಮಗ ಲೋಟನ ಸಂಸಾರವಿತ್ತು. ಆ ಹೆಸರನ್ನು ಮಾತ್ರ ಅವನು ಒಮ್ಮೆಯೂ ಎತ್ತಲಿಲ್ಲ! ನಾನಾಗಿದ್ದರೆ ಲೋಟನ ಓಣಿ, ಮನೆ ನಂಬರು, ಬಾಗಿಲಿನ ಬಣ್ಣ ಎಲ್ಲ ಮೊದಲೇ ಹೇಳಿ, ಉಳಿದ ಊರನ್ನು ನಿನ್ನ ಚಿತ್ತ ಎಂದು ಬಿಟ್ಟು ಊಟಕ್ಕೆ ಏಳುತ್ತಿದ್ದೆ.

ಮೋಶೆಯದು ಇನ್ನೂ ಕಷ್ಟದ ಮಾದರಿ. ಅಮಾಲೇಕ್ಯರ ಜೊತೆ ಯುದ್ಧ ನಡೆದಾಗ ಅವನ ಕೈ ಮೇಲಿದ್ದರೆ ಇಸ್ರಾಯೇಲ್ಯರಿಗೆ ಗೆಲುವು, ಇಳಿದರೆ ಸೋಲು. ಕೈ ಸೋತಾಗ ಕೂರಲು ಒಂದು ಕಲ್ಲು ತಂದಿಟ್ಟು, ಆರೋನನೂ ಹೂರನೂ ಆಚೆಗೊಬ್ಬ ಈಚೆಗೊಬ್ಬ ನಿಂತು ಹೊತ್ತು ಮುಳುಗುವ ತನಕ ಆ ಕೈಗಳನ್ನು ಎತ್ತಿ ಹಿಡಿದರು. ಇದರಲ್ಲಿ ನಾನು ರೂಢಿಸಿಕೊಂಡದ್ದು ಕೂರುವ ಭಾಗವೊಂದನ್ನೇ, ಅದೂ ಸೋಫಾದ ಮೇಲೆ. ಹೂರನ ಕೆಲಸ ಹೆಂಡತಿಯ ಮೊಣಕೈ ಮಾಡುತ್ತದೆ, ನನ್ನ ಪಕ್ಕೆಲುಬಿನ ಮೇಲೆ.

ಪೌಲನ ಪತ್ರಗಳಿಗೆ ಬಂದಾಗ ನನ್ನ ಬಾಯಿ ಕಟ್ಟಿತು. ಸೆರೆಯಲ್ಲಿ ಕೂತು ಕೊಲೊಸ್ಸೆಯವರಿಗೆ ಬರೆಯುತ್ತಾನೆ. ಅವರ ಮುಖವನ್ನೇ ಅವನು ಕಂಡಿರಲಿಲ್ಲ. ಆದರೂ ಅವರಿಗಾಗಿ ಬೇಡುವುದನ್ನು ಬಿಟ್ಟಿಲ್ಲ ಎನ್ನುತ್ತಾನೆ. ಬೇಡುವುದಾದರೂ ಏನು? ದೇವರ ಚಿತ್ತದ ತಿಳಿವಳಿಕೆ, ತಾಳ್ಮೆ, ಸಂತೋಷ. ತನಗಾಗಿ ಪ್ರಾರ್ಥಿಸಿರಿ ಅಂದದ್ದೂ ಸೆರೆಮನೆಯ ಬಾಗಿಲು ತೆರೆಯಲಿ ಎಂದಲ್ಲ, ವಾಕ್ಯ ಸಾರಲು ಬಾಗಿಲು ತೆರೆಯಲಿ ಎಂದು.

“ಹಂಗಾರ ಮ್ಯಾಲಿನ ಮನಿಯವ್ರಿಗೂ ತಾಳ್ಮಿ ಕೊಡು ಅಂತ ಬೇಡ್ಕೋರಿ,” ಅಂದಳು.

“ತಾಳ್ಮೆ ಬೇಕಾದದ್ದು ನನಗೆ! ಮಿಕ್ಸರ್ ಅವರದು.”

“ಗೊರಕಿ ನಿಮ್ಮದು. ಮ್ಯಾಲಿನ ತನಕ ಕೇಳಸ್ತೈತಿ.”

ಅಂದು ಪ್ರಾರ್ಥನೆ ಚಿಕ್ಕದಾಗಿ ಮುಗಿಯಿತು, ಪಲ್ಯ ಬಿಸಿಯಾಗೇ ಸಿಕ್ಕಿತು.

ಕೆಲವು ದಿನಗಳಲ್ಲೇ ಭಾವಮೈದುನ ಪೇಡೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನೌಕರಿ ಸಿಕ್ಕಿತಂತೆ. ನಾನು ಕೇಳಿದ ಮೊದಲ ಮಾತು: “ಯಾರಿಗೆ ಎಷ್ಟು ಕೊಟ್ಟಿ?”

ಹೆಂಡತಿ ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ತೆಗೆದು ನನ್ನ ಮುಂದಿಟ್ಟಳು. ಪೇತ್ರನಿಗಾಗಿ ಮನೆ ತುಂಬ ಜನ ಸೇರಿ ಪ್ರಾರ್ಥಿಸುತ್ತಿದ್ದಾರೆ. ಸೆರೆಯಿಂದ ಬಿಡುಗಡೆಯಾದ ಪೇತ್ರನೇ ಬಂದು ಕದ ತಟ್ಟುತ್ತಾನೆ. ರೋದೆ ಎಂಬ ಹುಡುಗಿ ದನಿ ಗುರುತಿಸಿ, ಸಂತೋಷದಲ್ಲಿ ಕದ ತೆರೆಯುವುದನ್ನೇ ಮರೆತು ಒಳಗೋಡಿ ಸುದ್ದಿ ಹೇಳಿದರೆ, ಪ್ರಾರ್ಥಿಸುತ್ತಿದ್ದವರೇ ನಿನಗೆ ಹುಚ್ಚು ಎಂದರಂತೆ. ಪಾಪ, ಪೇತ್ರ ಹೊರಗೆ ತಟ್ಟುತ್ತಲೇ ಇದ್ದ.

ಸತ್ಯವೇದದಲ್ಲಿ ನನ್ನ ಅಳತೆಗೆ ಸರಿಹೊಂದಿದ್ದು ಆ ಮನೆಯವರ ಮಾದರಿಯೊಂದೇ. ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ: “ನಿಮಗಾಗಿ ಪ್ರಾರ್ಥನೆ ಮಾಡ್ತೀನಿ” ಅಂತ ನಾನು ಮಾತು ಕೊಟ್ಟರೆ, ದಯವಿಟ್ಟು ನನ್ನ ಹೆಂಡತಿಗೂ ಒಂದು ಮಾತು ಹೇಳಿಡಿ.